ನಾಳೆ, ನಾಳೈಕ್ಕು, ರೇಪು

ನಮ್ಮ ಜೂಜುವಾಡಿಯಲ್ಲಿ ನಲ್ಲಿ ಸೋರಿದರೆ ಮೂರು ಭಾಷೆಯಲ್ಲಿ ಗೋಗರೆಯಬೇಕು. ಅತ್ತಿಬೆಲೆ ದಾಟಿದ ಕೂಡಲೇ ಸಿಗುವ ತಮಿಳುನಾಡಿನ ಗಡಿಯೂರು ನೋಡಿ! ಪ್ಲಂಬರ್ ‘ನಾಳೆ ಬರ್ತೀನಿ’ ಅಂತಾನೆ. ಎಲೆಕ್ಟ್ರಿಷಿಯನ್ ‘ನಾಳೈಕ್ಕು ವರೇನ್ ಸಾರ್’ ಅಂತಾನೆ. ಗಾರೆ ಮೇಸ್ತ್ರಿ ‘ರೇಪು ವಸ್ತಾ’ ಅಂತಾನೆ. ಮೂರೂ ಒಂದೇ ದಿನ. ಆ ದಿನ ಮಾತ್ರ ಯಾವ ಕ್ಯಾಲೆಂಡರಿನಲ್ಲೂ ಇಲ್ಲ.

ದೆವ್ವ ಬಂದು ಕದ ತಟ್ಟಿದರೆ ವಾಪಸು ಹೋಗಲಿ ಅಂತ ಒಂದು ಕಾಲದಲ್ಲಿ ಕನ್ನಡದವರು ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದರು, ತೆಲುಗಿನವರು ‘ಓ ಸ್ತ್ರೀ ರೇಪು ರಾ’ ಅಂತ ಬರೆದರು. ದೆವ್ವ ಓದಿತೋ ಬಿಟ್ಟಿತೋ, ರಿಪೇರಿಯವರಂತೂ ಬಾಯಿಪಾಠ ಮಾಡಿಕೊಂಡಿದ್ದಾರೆ.

ಬಚ್ಚಲಿನ ನಲ್ಲಿ ತೊಟ್ಟಿಕ್ಕಲು ಶುರುವಾಗಿ ಒಂಬತ್ತು ದಿನ. ಅದೇನು ಸಾಮಾನ್ಯ ನೀರೇ? ಹೊಗೇನಕಲ್ಲಿನಿಂದ ಪಂಪು ಹೊಡೆದು ಹೊಸೂರಿಗೆ ತರುವ ಕಾವೇರಿ! 2018ರಲ್ಲಿ ಸುಪ್ರೀಂ ಕೋರ್ಟು ತಮಿಳುನಾಡಿಗೆ 177.25 ಟಿಎಂಸಿ ಅಂತ ಆ ಕಾಲು ಟಿಎಂಸಿಯನ್ನೂ ಬಿಡದೆ ಎಣಿಸಿ ಕೊಟ್ಟ ನೀರು, ನಮ್ಮ ಮನೆಯಲ್ಲಿ ರಾತ್ರಿಯಿಡೀ ಟಪ್ ಟಪ್ ಅಂತ ಮೋರಿಗೆ ಹೋಗುತ್ತಿತ್ತು.

“ರೀ, ಮೂವತ್ತು ವರ್ಷ ಸಿಪ್ಕಾಟಿನ ಫ್ಯಾಕ್ಟರಿಯಲ್ಲಿ ದುಡಿದೆ ಅಂತೀರಿ, ಒಂದು ವಾಷರ್ ಹಾಕಕ್ಕಾಗಲ್ವಾ?” ಅಂದಳು ಹೆಂಡತಿ. ಟಿವಿಎಸ್ 50 ಮೊಪೆಡ್ ಹುಟ್ಟಿದ ಹೊಸೂರಿನ ಪಕ್ಕದಲ್ಲಿ ಇದ್ದುಕೊಂಡು ಈ ಮಾತು ಕೇಳಬಾರದು. ಆದರೆ ನಾನಿದ್ದದ್ದು ಸ್ಟೋರ್ಸಿನಲ್ಲಿ. ನಟ್ಟು ಎಣಿಸಿದ್ದೇನೆ, ಬಿಗಿದವನಲ್ಲ. ಅದನ್ನು ಇವಳಿಗೆ ಹೇಳುವುದುಂಟೇ? ಅಮೆರಿಕದಲ್ಲಿರುವ ಅಳಿಯ ಬೇರೆ ಮೊನ್ನೆ ವಿಡಿಯೋ ಕಾಲಿನಲ್ಲಿ ಮನೆಗೆಲ್ಲ ತಾನೇ ಬಣ್ಣ ಬಳಿದದ್ದನ್ನು ತೋರಿಸಿದ್ದ. ಅಲ್ಲಿ ಕೂಲಿ ಕೊಟ್ಟು ಪೂರೈಸುವುದಿಲ್ಲ, ಅದಕ್ಕೇ ಆ ಶೌರ್ಯ!

ಐದು ರೂಪಾಯಿಯ ವಾಷರ್ ತಂದೆ. ನಲ್ಲಿ ಬಿಚ್ಚಲು ಇನ್ನೂರೈವತ್ತರ ಪೈಪ್ ರೆಂಚ್ ತಂದೆ. ಲುಂಗಿ ಎತ್ತಿ ಕಟ್ಟಿದೆ. ನಲ್ಲಿಯ ತಲೆ ತಿರುಗಿಸಿದೆ. ಗೇಟ್ ವಾಲ್ವ್ ಅಂತೊಂದಿದೆ, ಅದನ್ನು ಮೊದಲು ಮುಚ್ಚಬೇಕು ಅನ್ನುವ ಜ್ಞಾನ ಎದೆಗೆ ಕಾರಂಜಿ ಬಡಿದ ಮೇಲೆ ಉದಯಿಸಿತು. ಗಾಬರಿಯಲ್ಲಿ ಒತ್ತಿ ಬಿಗಿದೆ. ರಬ್ಬರು ಹರಿಯಿತು, ಮರೆ ಸವೆಯಿತು. ತೊಟ್ಟಿಕ್ಕುತ್ತಿದ್ದದ್ದು ಧಾರೆಯಾಯಿತು. ಟೆಫ್ಲಾನ್ ಟೇಪನ್ನು ಮರೆ ತಿರುಗುವ ಕಡೆಗೇ ಸುತ್ತಬೇಕಂತೆ. ನಾನು ಉಲ್ಟಾ ಸುತ್ತಿದ್ದೆ, ಅದು ಜನಿವಾರದ ಹಾಗೆ ನೇತಾಡುತ್ತಿತ್ತು.

ಪಕ್ಕದ ಮನೆಯವರು ಕನಿಕರಪಟ್ಟು ಒಬ್ಬ ಹುಡುಗನನ್ನು ಕಳಿಸಿದರು. ಬಂದವನು ನಲ್ಲಿಯನ್ನು ನೋಡಿದ, ನನ್ನನ್ನು ನೋಡಿದ. ರಿಪೇರಿಯವರು ಯಾರೇ ಬರಲಿ, ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮುಂಚೆ ಕೇಳುವುದು ಒಂದೇ ಪ್ರಶ್ನೆ, ಇದನ್ನು ಮಾಡಿದ್ದು ಯಾರು ಅಂತ. ಇವನೂ ಕೇಳಿದ: “ಇದು ಯಾರ್ ಸಾರ್ ಪಣ್ಣದು?”

ತಮಿಳಿನವನು, ಈ ಕಡೆಯ ಹುಡುಗ ಅಂತ ಧೈರ್ಯ ಬಂತು.

“ಅತ್ತಿಬೆಲೆಯಿಂದ ಒಬ್ಬ ಬಂದಿದ್ದನಪ್ಪ. ಕೆಡಿಸಿಟ್ಟು ಹೋದ,” ಅಂದೆ.

ಐದೇ ನಿಮಿಷ. ಹೊಸ ನಲ್ಲಿ ಕೂತಿತು, ಹನಿ ನಿಂತಿತು. ನಾನೂರು ರೂಪಾಯಿ ಎಣಿಸಿ ಜೇಬಿಗೆ ಹಾಕಿಕೊಂಡವನು ಅಚ್ಚ ಕನ್ನಡದಲ್ಲಿ ಅಂದ: “ನಾನೂ ಅತ್ತಿಬೆಲೆಯವನೇ ಸಾರ್. ಅಲ್ಲಿ ಈ ಕೆಲಸ ಮಾಡೋರೆಲ್ಲ ನನಗೆ ಗೊತ್ತು. ಯಾರವನು, ಹೆಸರು ಹೇಳಿ.”

ಅಡುಗೆಮನೆಯಿಂದ ದನಿ ಬಂತು: “ಹೇಳ್ರೀ, ಪಾಪ ಕೇಳ್ತಿದಾನೆ.”