ಪರಚಿತ್ತಜ್ಞಾನ ಮೀಮಾಂಸೆ

ಶೃಂಗಾರದಿಂದ ಹಾಸ್ಯವು ಹುಟ್ಟುತ್ತದೆಂದೂ, ಶೃಂಗಾರದ ಅನುಕೃತಿಯೇ ಹಾಸ್ಯವೆನಿಸಿಕೊಳ್ಳುತ್ತದೆಂದೂ ಭರತಮುನಿಯು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ವಿಧಿಸಿದಾಗ, ಮುಂದೊಂದು ಕಾಲದಲ್ಲಿ ಹಾಲಿವುಡ್ಡಿನವರು ಒಂದು ಶೃಂಗಾರಹಾಸ್ಯದ ಚಿತ್ರವನ್ನು ತೆಗೆಯುವರು, ಅದನ್ನೇ ಚೀನದವರು ಮತ್ತೊಮ್ಮೆ ತೆಗೆಯುವರು ಎಂಬ ಸಂಗತಿ ಆತನ ಮನಸ್ಸಿನಲ್ಲಿತ್ತೆಂದು ಹೇಳಲು ಆಧಾರವಿಲ್ಲ, ಇರಲಿಲ್ಲವೆನ್ನಲೂ ಆಧಾರವಿಲ್ಲ. ಸಂಶೋಧಕನಿಗೆ ಇಷ್ಟು ಅವಕಾಶ ಸಾಕು. ಶೃಂಗಾರದ ಅನುಕೃತಿಯು ಹಾಸ್ಯವಾದರೆ, ಆ ಹಾಸ್ಯದ ಅನುಕೃತಿಯು ಯಾವ ರಸ? ಗಾಂಧಿನಗರದಲ್ಲಿ ರೀಮೇಕ್ ಕುರಿತು ದಶಕಗಳಿಂದ ನಡೆದಿರುವ ವಾಗ್ವಾದದಲ್ಲಿಯೂ ಈ ಪ್ರಶ್ನೆಯನ್ನು ಯಾರೂ ಎತ್ತಿದಂತೆ ಕಾಣೆನಾದುದರಿಂದ, ಲೋಕಹಿತಾರ್ಥವಾಗಿ ಇಲ್ಲಿ ಎತ್ತಲಾಗಿದೆ.

ಲಕ್ಷ್ಯಗ್ರಂಥಗಳಿಗೆ ಕೊರತೆಯಿಲ್ಲ. ಒಂದೇ ದಿನ ಮದುವೆ ಗೊತ್ತಾಗಿ ಗೆಳತಿಯರಿಬ್ಬರು ಜಡೆ ಹಿಡಿದಾಡುವ ‘ಬ್ರೈಡ್ ವಾರ್ಸ್’ 2015ರಲ್ಲಿಯೂ, ಗೆಳೆಯನ ಮದುವೆಯನ್ನು ಕೆಡಿಸಹೊರಟವಳ ಕಥೆಯಾದ ‘ಮೈ ಬೆಸ್ಟ್ ಫ್ರೆಂಡ್ಸ್ ವೆಡ್ಡಿಂಗ್’ 2016ರಲ್ಲಿಯೂ ಚೀನೀ ಅವತಾರವನ್ನೆತ್ತಿದವು. ಇವು ಕೇವಲ ವಿವಾಹಪ್ರಕರಣಗಳು. ಪುರೋಹಿತರ ಪರಿಶೀಲನೆಗೆ ಬಿಡೋಣ. ನಮ್ಮ ವಿಚಾರಕ್ಕೆ ಯೋಗ್ಯವಾದುದು, ನ್ಯಾನ್ಸಿ ಮೇಯರ್ಸ್ 2000ದಲ್ಲಿ ನಿರ್ದೇಶಿಸಿದ ‘ವಾಟ್ ವಿಮೆನ್ ವಾಂಟ್’ ಚಿತ್ರವೂ, ಅದನ್ನು ಚೆನ್ ದಾಮಿಂಗ್ ಎಂಬಾತನು ಆಂಡಿ ಲಾವ್ ಮತ್ತು ಗಾಂಗ್ ಲೀ ಅವರನ್ನು ಹೂಡಿಕೊಂಡು ತೆಗೆದು, 2011ರ ಫೆಬ್ರವರಿ 3ರಂದು, ಎಂದರೆ ಚೀನೀ ಯುಗಾದಿಯ ದಿನವೇ ತೆರೆಗೆ ತಂದ ಪುನರ್ನಿರ್ಮಾಣವೂ ಆಗಿವೆ.

ಕಥಾಬೀಜ ಹೀಗಿದೆ. ಷಿಕಾಗೋ ನಗರದ ಜಾಹೀರಾತು ಸಂಸ್ಥೆಯೊಂದರಲ್ಲಿ ನಿಕ್ ಎಂಬ ರೂಪಗರ್ವಿತನು, ತನಗೇ ಬರಬೇಕೆಂದು ನಂಬಿದ್ದ ಪದವಿಯು ಹೊರಗಿನಿಂದ ಬಂದ ಡಾರ್ಸಿ ಎಂಬ ಸ್ತ್ರೀಗೆ ದೊರೆತುದನ್ನು ಕಂಡು ಒಳಗೊಳಗೇ ಕುದಿಯುತ್ತಾನೆ. ಆಕೆಯಾದರೋ ಹೆಂಗಸರು ಬಳಸುವ ವಸ್ತುಗಳ ಪೆಟ್ಟಿಗೆಯನ್ನು ಎಲ್ಲರಿಗೂ ಹಂಚಿ, ಇವುಗಳಿಗೆ ಜಾಹೀರಾತು ಯೋಚಿಸಿಕೊಂಡು ಬನ್ನಿರೆಂದು ಆಜ್ಞಾಪಿಸುತ್ತಾಳೆ. ಆ ರಾತ್ರಿ ನಿಕ್ಕನ ಪಾತ್ರಧಾರಿ ಮೆಲ್ ಗಿಬ್ಸನ್ನನು ಉಗುರಿಗೆ ಬಣ್ಣ ಬಳಿದು, ರೆಪ್ಪೆಗೆ ಕಪ್ಪು ತೀಡಿ, ಕಾಲಿನ ರೋಮಕ್ಕೆ ಮೇಣ ಮೆತ್ತಿ ಕಿತ್ತು ಚೀರಿ, ಹೆಂಗಸರ ನೀಳವಾದ ಕಾಲುಚೀಲದೊಳಕ್ಕೆ ತೂರಿಕೊಳ್ಳಲು ಹೆಣಗಿ, ಕಟ್ಟಕಡೆಗೆ ಹೇರ್ ಡ್ರೈಯರ್ ಸಮೇತನಾಗಿ ಸ್ನಾನದ ತೊಟ್ಟಿಗೆ ಬಿದ್ದು, ವಿದ್ಯುದಾಘಾತದಿಂದ ಮೂರ್ಛೆ ಹೋಗುತ್ತಾನೆ. ಎಚ್ಚತ್ತಾಗ ಸ್ತ್ರೀಯರು ಮನಸ್ಸಿನಲ್ಲಿ ಆಡಿಕೊಳ್ಳುವುದೆಲ್ಲವೂ ಅವನ ಕಿವಿಗೆ ಬೀಳತೊಡಗಿರುತ್ತದೆ.

ಪತಂಜಲಿಯು ವಿಭೂತಿಪಾದದಲ್ಲಿ ಹೇಳಿರುವ ಪರಚಿತ್ತಜ್ಞಾನವೆಂಬ ಸಿದ್ಧಿ ಇದೇ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಸಂಯಮದಿಂದ ಅದನ್ನು ಪಡೆದ ಯೋಗಿಗೂ ಪರರ ಚಿತ್ತದ ಬಣ್ಣವಷ್ಟೇ ತಿಳಿದೀತಲ್ಲದೆ, ಆ ಚಿತ್ತವು ಯಾವ ವಸ್ತುವನ್ನು ಹಿಡಿದುಕೊಂಡಿದೆಯೆಂಬುದು ತಿಳಿಯದೆಂದು ಮುಂದಿನ ಸೂತ್ರವೇ ಮಿತಿ ಹಾಕುತ್ತದೆ. ನಿಕ್ಕನಿಗೆ ಆ ಮಿತಿಯಿಲ್ಲ. ಕಚೇರಿಯ ಹೆಂಗಸರು ತನ್ನನ್ನು ಏನೆಂದು ಬೈದುಕೊಳ್ಳುತ್ತಿರುವರೆಂಬುದು ಅಕ್ಷರಶಃ ಕೇಳುತ್ತದೆ. ಆದಕಾರಣ ಸಂಯಮಕ್ಕಿಂತ ಹೇರ್ ಡ್ರೈಯರ್ ಬಲವತ್ತರವಾದ ಸಾಧನವೆಂದು ಒಪ್ಪಬೇಕಾಗುತ್ತದೆ. (ಗೃಹಸ್ಥರು ಇದನ್ನು ಪರೀಕ್ಷಿಸಿ ನೋಡತಕ್ಕದ್ದಲ್ಲ.) ಇನ್ನೂ ಸೂಕ್ಷ್ಮವಾದ ಅಂಶವೊಂದುಂಟು: ಅವನ ಸಹಾಯಕಿಯರಿಬ್ಬರ ಮನಸ್ಸಿನಿಂದ ಮಾತ್ರ ಅವನಿಗೆ ಯಾವ ಶಬ್ದವೂ ಕೇಳಿಬರುವುದಿಲ್ಲ. ಇದನ್ನು ಅವರ ಬುದ್ಧಿಮಾಂದ್ಯದ ಪರಿಹಾಸವೆಂದು ಪಾಮರರು ನಗುತ್ತಾರೆ. ಚಿತ್ತವೃತ್ತಿನಿರೋಧವನ್ನು ಸಾಧಿಸಿ, ಅದನ್ನು ಯಾರಿಗೂ ಹೇಳಿಕೊಳ್ಳದೆ ಕಚೇರಿಯ ಕೆಲಸ ಮಾಡಿಕೊಂಡಿರುವ ಯೋಗಿನಿಯರು ಅವರೆಂಬುದು ನಮ್ಮ ಸಿದ್ಧಾಂತ. ಇಡೀ ಚಿತ್ರದಲ್ಲಿ ಮುಕ್ತಿಗೆ ಅರ್ಹರಾದವರು ಅವರಿಬ್ಬರೇ. ನಾಯಕನಾದರೋ ಇಷ್ಟು ದೊಡ್ಡ ಸಿದ್ಧಿಯನ್ನು ನೈಕಿ ಸಂಸ್ಥೆಯ ಬೂಟು ಮಾರುವುದಕ್ಕೆ ವಿನಿಯೋಗಿಸುತ್ತಾನೆ. ಸಿದ್ಧಿಗಳು ಸಮಾಧಿಗೆ ವಿಘ್ನಗಳೆಂದು ಪತಂಜಲಿಯು ಮೊದಲೇ ಎಚ್ಚರಿಸಿದ್ದನು.

ಈಗ ಬೀಜಿಂಗಿಗೆ ಬರೋಣ. ಪರರ ಮನಸ್ಸನ್ನು ಅರಿಯುವ ಬಗೆಯನ್ನು ಅಮೆರಿಕದಿಂದ ಆಮದು ಮಾಡಿಕೊಳ್ಳುವ ದುರ್ಗತಿ ಚೀನಕ್ಕೆ ಒದಗಬೇಕಾಗಿರಲಿಲ್ಲ. ಹಾವ್ ನದಿಯ ಸೇತುವೆಯ ಮೇಲೆ ನಿಂತು, ಕೆಳಗೆ ಮೀನುಗಳು ಸುಖವಾಗಿವೆಯೆಂದು ತತ್ತ್ವಜ್ಞಾನಿ ಜ್ವಾಂಗ್‌ಜಿ ನುಡಿಯಲು, ಮೀನಲ್ಲದ ನಿನಗೆ ಮೀನಿನ ಸುಖ ತಿಳಿದುದೆಂತೆಂದು ಹುಯಿಜಿ ಆಕ್ಷೇಪಿಸಿದ ವಾದವು ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ್ದು. ಜ್ವಾಂಗ್‌ಜಿಗೆ ತೊಟ್ಟಿಗೆ ಬೀಳುವ ಅಗತ್ಯ ತೋರಲಿಲ್ಲ, ನಿಂತಲ್ಲಿಂದಲೇ ತಿಳಿಯಿತೆಂದನು. ಹಾಗಿದ್ದೂ ಈ ದತ್ತಕ ಏಕೆ? ಕಾರಣ ಲೌಕಿಕವಾದುದು. ಆದಾಯ ಹಂಚಿಕೆಯ ಕರಾರಿನ ಮೇಲೆ ವರ್ಷಕ್ಕೆ ಇಪ್ಪತ್ತೇ ವಿದೇಶೀ ಚಿತ್ರಗಳಿಗೆ ಚೀನವು ಆಗ ಬಾಗಿಲು ತೆರೆಯುತ್ತಿತ್ತು. 2012ರಲ್ಲಿ ಅದು ಮೂವತ್ತನಾಲ್ಕಾಯಿತು. ಆ ಬಾಗಿಲಿನಲ್ಲಿ ಸ್ಫೋಟಗಳುಳ್ಳ ಭಾರಿ ಚಿತ್ರಗಳ ನೂಕುನುಗ್ಗಲಿರುವಾಗ, ಮೆಲುದನಿಯ ಪ್ರಣಯಕಥೆಗೆ ಎಡೆಯೆಲ್ಲಿ? ಅತಿಥಿಗೆ ರಹದಾರಿ ಬೇಕು, ದತ್ತುಮಗನಿಗೆ ಬೇಡ.

ದತ್ತುಮಗನಿಗೆ ಗೋತ್ರ ಬದಲಾಯಿಸಬೇಕೆಂಬುದು ಮಾತ್ರ ಧರ್ಮಶಾಸ್ತ್ರದ ಕಟ್ಟಳೆ. ಅಲ್ಲಿಯೇ ಈ ಚಿತ್ರವು ಎಡವಿತು. ನಿಕ್ಕನು ಸುನ್ ಝಿಗಾಂಗನಾದನು, ಡಾರ್ಸಿಯು ಲೀ ಯೀಲಾಂಗಳಾದಳು, ಕಿಟಕಿಯಾಚೆ ಬೀಜಿಂಗಿನ ಗೋಪುರಗಳು ಬಂದವು. ನಾಯಕನ ಕಿವಿಗೆ ಬೀಳುವ ಮನಸ್ಸಿನ ಮಾತುಗಳು ಮಾತ್ರ ಬಹುಪಾಲು ಷಿಕಾಗೋದವೇ. ಅದೇ ಬೀಜಿಂಗಿನ ಝಾಂಗ್‌ಶಾನ್ ಉದ್ಯಾನದಲ್ಲಿ ತಂದೆತಾಯಿಗಳು ಕೂಡಿ, ಮಗಳು ಹುಟ್ಟಿದ ವರ್ಷ, ಎತ್ತರ, ಓದು, ಸಂಬಳಗಳನ್ನು ಹಾಳೆಯಲ್ಲಿ ಬರೆದು ಮುಂದಿಟ್ಟುಕೊಂಡು, ವರನಿಗೆ ಸ್ವಂತ ಮನೆಯುಂಟೇ ಎಂದು ವಿಚಾರಿಸುತ್ತ ಕುಳಿತಿರುತ್ತಾರೆ. ಮಗಳು ಎಷ್ಟೋ ವೇಳೆ ಆ ಹೊತ್ತಿನಲ್ಲಿ ಯಾವುದೋ ಕಚೇರಿಯಲ್ಲಿ ದುಡಿಯುತ್ತಿರುತ್ತಾಳೆ. ಆ ಹಾಳೆಯ ಒಡತಿ ಮನಸ್ಸಿನಲ್ಲಿ ಏನೆಂದುಕೊಳ್ಳುತ್ತಾಳೆಂಬುದನ್ನು ಕೇಳುವುದಕ್ಕಾದರೆ ಯಾವ ತೊಟ್ಟಿಗಾದರೂ ಬೀಳಬಹುದಾಗಿತ್ತು. ಚಿತ್ರದ ಕಿವಿ ಅತ್ತ ಹೊರಳುವುದೇ ಅಪರೂಪ. ‘ರೆಡ್ ಸೋರ್ಗಮ್’ನಿಂದ ಮೊದಲ್ಗೊಂಡು, ಮಾತಿಲ್ಲದೆಯೇ ಮನಸ್ಸನ್ನೆಲ್ಲ ಮುಖದಲ್ಲಿ ತೋರಬಲ್ಲವಳೆಂದು ಹೆಸರಾದ ಗಾಂಗ್ ಲೀಯ ಅಂತರಂಗವನ್ನು ಉಚ್ಚಸ್ವರದಲ್ಲಿ ಓದಿಸಿದುದು ಇನ್ನೊಂದು ಅಪವ್ಯಯ. ಆದ್ದರಿಂದ ಹಾಸ್ಯದ ಅನುಕೃತಿಯು ರಸವಲ್ಲ, ರಸಾಭಾಸವೆಂದು ನಿರ್ಣಯ.

ಋಣವು ಒಂದೇ ಕಡೆಗೆ ಹರಿದಿದೆಯೆಂದು ಮಾತ್ರ ಯಾರೂ ಭಾವಿಸಕೂಡದು. ಇದೇ ಆಂಡಿ ಲಾವ್ ನಟಿಸಿದ 2002ರ ಹಾಂಗ್‌ಕಾಂಗ್ ಚಿತ್ರ ‘ಇನ್‌ಫರ್ನಲ್ ಅಫೇರ್ಸ್’ ಅನ್ನು ಮಾರ್ಟಿನ್ ಸ್ಕಾರ್ಸೇಸಿ ‘ದಿ ಡಿಪಾರ್ಟೆಡ್’ ಎಂದು ಪುನರ್ನಿರ್ಮಿಸಲು, ಅದಕ್ಕೆ 2007ರ ಸಮಾರಂಭದಲ್ಲಿ ಶ್ರೇಷ್ಠ ಚಿತ್ರವೂ ಸೇರಿ ನಾಲ್ಕು ಆಸ್ಕರ್‌ಗಳು ದೊರೆತವು. ಪರರ ಚಿತ್ತವಿರಲಿ, ಪರರ ವಿಳಾಸವೂ ಹಾಲಿವುಡ್ಡಿಗೆ ಆ ರಾತ್ರಿ ತಿಳಿದಿರಲಿಲ್ಲ: ಮೂಲವು ಜಪಾನೀ ಚಿತ್ರವೆಂದು ವೇದಿಕೆಯಿಂದ ಘೋಷಿಸಲಾಯಿತು.