ಪ್ಲಾನಪ್ಪ

ಬ್ರಿಟನ್ನಿನ ಯಾವ ಊರಿನ ಕನ್ನಡ ಕೂಟಕ್ಕೆ ಹೋದರೂ ಅಲ್ಲೊಬ್ಬ ಪ್ಲಾನಪ್ಪ ಸಿಕ್ಕೇ ಸಿಗುತ್ತಾನೆ. ರಾಜ್ಯೋತ್ಸವದ ಊಟದ ಸಾಲಿನಲ್ಲಿ ನಿಮ್ಮ ಹಿಂದೆಯೇ ನಿಂತಿರುತ್ತಾನೆ. "ಬೇಸಿಗೆ ರಜಕ್ಕೆ ಎಲ್ಲಿಗೆ ಸಾರ್?" ಎನ್ನುತ್ತಾನೆ. ಇನ್ನೂ ಯೋಚಿಸಿಲ್ಲ ಅಂದಿರೋ, ಸಿಕ್ಕಿಬಿದ್ದಿರಿ. ಬಿಸಿಬೇಳೆಬಾತು ತಣ್ಣಗಾಗುವ ತನಕ ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ದ್ವೀಪಗಳ ಪುರಾಣ.

ಸ್ಟೋನ್‌ಹೆಂಜ್ ಅಂದರೆ ಅವನು ಮೂಗು ಮುರಿಯುತ್ತಾನೆ. "ಅದೇನು ಸಾರ್, ಹಗ್ಗ ಕಟ್ಟಿ ದೂರ ನಿಲ್ಲಿಸ್ತಾರೆ. ಆರ್ಕ್ನಿಯ ಸ್ಟೆನ್ನೆಸ್ ಕಲ್ಲುಗಳು ಅದಕ್ಕಿಂತ ಹಳೇವು. ಆರು ಮೀಟರ್‌ವರೆಗೂ ಎತ್ತರ. ಪಕ್ಕದಲ್ಲೇ ನಿಲ್ಲಬಹುದು." ಎಲ್ಲವೂ ನಿಜ. ಪ್ಲಾನಪ್ಪ ಸುಳ್ಳು ಹೇಳುವವನಲ್ಲ. ಹೋಗುವವನೂ ಅಲ್ಲ.

ಅವನ ಬಳಿ ಒಂದು ಎಕ್ಸೆಲ್ ಹಾಳೆ ಇದೆ. ಸ್ಕ್ರಾಬ್‌ಸ್ಟರ್‌ನಿಂದ ಸ್ಟ್ರಾಮ್‌ನೆಸ್‌ಗೆ ಫೆರಿಯಲ್ಲಿ ಒಂದೂವರೆ ಗಂಟೆ: ಹಸಿರು ಬಣ್ಣ. ಗಿಲ್ಸ್ ಬೇಯಿಂದ ಸುಮಾರು ಒಂದು ಗಂಟೆ: ಹಳದಿ. ವಾಂತಿ ಮಾತ್ರೆ ನುಂಗುವ ಹೊತ್ತಿಗೆ ಬೇರೆಯೇ ಕಾಲಂ. ವೆಸ್ಟ್ರೇ ದ್ವೀಪದಿಂದ ಪಾಪಾ ವೆಸ್ಟ್ರೇಗೆ ಎಂಟು ಸೀಟಿನ ಪುಟ್ಟ ವಿಮಾನವುಂಟು, ಲೋಕದ ಅತಿ ಚಿಕ್ಕ ನಿಗದಿತ ವಿಮಾನಯಾನ ಅದೇ. ಹತ್ತಿ ಎರಡು ನಿಮಿಷ ಆಗುವುದರೊಳಗೆ ಇಳಿಸಿಬಿಡುತ್ತದೆ. ಆ ಎರಡು ನಿಮಿಷದಲ್ಲಿ ಮಕ್ಕಳಿಬ್ಬರೂ ಕಿಟಕಿ ಸೀಟು ಯಾವಾಗ ಅದಲುಬದಲು ಮಾಡಿಕೊಳ್ಳಬೇಕೆಂಬುದು ಕೂಡ ಬರೆದಾಗಿದೆ.

ಗಂಟು ಇರುವುದು ತಿಂಗಳಿನಲ್ಲಿ. ಮೇಸ್‌ಹೋ ಎಂಬ ಸಮಾಧಿಯೊಳಗೆ ಚಳಿಗಾಲದ ನಡುವಿನಲ್ಲಿ ಮುಳುಗುವ ಸೂರ್ಯನ ಬೆಳಕು ಉದ್ದನೆಯ ತಗ್ಗು ಓಣಿಯಲ್ಲಿ ಹಾದು ಹಿಂಗೋಡೆಗೆ ಬೀಳುತ್ತದೆ. ಅದನ್ನು ನೋಡಬೇಕೆಂದರೆ ಡಿಸೆಂಬರ್. ಆಗ ಅಲ್ಲಿ ಹಗಲೆಂಬುದು ಆರೇ ಗಂಟೆ. ಇರುಳೇ ಆಗದಂಥ ಸಂಜೆ ಬೇಕೆಂದರೆ ಜೂನ್. ಜೂನಿನಲ್ಲಿ ಮಕ್ಕಳಿಗೆ ಶಾಲೆ. ಪ್ರತಿ ವರ್ಷವೂ ಚರ್ಚೆ ಇಲ್ಲಿಗೆ ಬಂದು ನಿಲ್ಲುತ್ತದೆ, ಬರುವ ವರ್ಷ ಹೊಸ ಹಾಳೆ ತೆರೆಯುತ್ತದೆ.

ಮೇಸ್‌ಹೋಗೆ ನುಗ್ಗಿ ಗೋಡೆ ತುಂಬ ರೂನ್ ಲಿಪಿಯಲ್ಲಿ ಗೀಚಿಹೋದ ಹನ್ನೆರಡನೇ ಶತಮಾನದ ನಾರ್ಸ್ ಜನ ಯಾವ ಹಾಳೆಯನ್ನೂ ತೆರೆದವರಲ್ಲ. ಒಮ್ಮೆ ಹಿಮಗಾಳಿಗೆ ಸಿಕ್ಕಿ ಅಲ್ಲಿ ತಂಗಿದವರಲ್ಲಿ ಇಬ್ಬರಿಗೆ ಹುಚ್ಚು ಹಿಡಿಯಿತೆಂದು ಆರ್ಕ್ನಿಯ ಸಾಗಾ ಎಂಬ ಹಳೆಯ ಕಥನ ಹೇಳುತ್ತದೆ. ಪ್ಲಾನಪ್ಪನ ಪ್ರಕಾರ ಕಾರಣ ಒಂದೇ: ಮುಂಗಡ ಬುಕಿಂಗ್ ಇಲ್ಲದ್ದು.

ಊಟದ ಕಾಲಂ ಕೆಂಪು. ಆರ್ಕ್ನಿ ದನದ ಮಾಂಸಕ್ಕೆ ಹೆಸರಾದದ್ದು. ಜೊತೆಗೆ ಬರಬೇಕಾದವರು ಈರುಳ್ಳಿಯನ್ನೂ ಮುಟ್ಟದ ಅತ್ತೆ. ಅಲ್ಲಿ ಬೇರ್ ಎಂಬ ಹಳೆಯ ತಳಿಯ ಬಾರ್ಲಿಯ ದಪ್ಪ ರೊಟ್ಟಿ ಸಿಗುತ್ತದೆಂದು ಪತ್ತೆ ಮಾಡಿದ ದಿನ ಮನೆಯಲ್ಲಿ ಹಬ್ಬ. "ಚಟ್ನಿಪುಡಿ: ನಾವೇ ಒಯ್ಯುವುದು" ಎಂದು ಷರಾ.

ಹೆಂಡತಿ ಇಷ್ಟು ವರ್ಷಗಳಲ್ಲಿ ಹಾಳೆ ನೋಡಿ ಬಾಯಿ ಬಿಟ್ಟದ್ದು ಸ್ಕಾರಾ ಬ್ರೇ ಚಿತ್ರ ಬಂದಾಗ ಮಾತ್ರ. ಐದು ಸಾವಿರ ವರ್ಷದ ಹಿಂದಿನ ಮನೆಗಳು. ಮರ ಅಪರೂಪದ ಊರು, ಹಲಗೆಯ ಹಾಗೆ ಸೀಳಿ ಏಳುವ ಕಲ್ಲು ಧಾರಾಳ, ಹಾಗಾಗಿ ಮಂಚವೂ ಕಲ್ಲು, ಗೂಡಿನ ಅಲಮಾರೂ ಕಲ್ಲು. "ಅವರಿಗೆ ಆಗಲೇ ಶೆಲ್ಫ್ ಇತ್ತು. ನಮ್ಮ ಅಡುಗೆಮನೆಯದನ್ನು ಯಾವಾಗ ಹೊಡೆಸ್ತೀರಿ?" ಎಂದಳು. ಅದಕ್ಕೂ ಒಂದು ಹಾಳೆ ತೆರೆದಿದ್ದಾನೆ.

ಗಾಳಿಗೆ ಮಾತ್ರ ಕಾಲಂ ಇಲ್ಲ. 1850ರ ಬಿರುಗಾಳಿ ಮರಳ ದಿಬ್ಬವನ್ನು ಕಿತ್ತು ಹಾಕಿದ್ದಕ್ಕೇ ಸ್ಕಾರಾ ಬ್ರೇ ಬೆಳಕಿಗೆ ಬಂದದ್ದು. ಅಂಥ ಗಾಳಿ ಎದ್ದ ದಿನ ಫೆರಿ ಹೊರಡುವುದಿಲ್ಲ, ಹಸಿರು ಹಳದಿ ಎಲ್ಲ ಒಂದೇ. ಈ ಮಾತು ಎತ್ತಿದರೆ ಪ್ಲಾನಪ್ಪ ವಿಷಯ ಬದಲಿಸುತ್ತಾನೆ.

ಆದರೂ ಹಾಳೆ ದಂಡವಾಗಿಲ್ಲ. ತಾನು ಬ್ರಹ್ಮಚಾರಿಯಾಗಿದ್ದು ಊರಿಗೆಲ್ಲ ಮದುವೆ ಮಾಡಿಸುವವನಂತೆ ಅವನು ಕೂಟದ ಎಷ್ಟೋ ಸಂಸಾರಗಳನ್ನು ಆರ್ಕ್ನಿಗೆ ಕಳಿಸಿದ್ದಾನೆ. ಅವರು ದಡ ಸೇರುವ ಮೊದಲೇ ವಾಟ್ಸಾಪಿನಲ್ಲಿ "ಎಡಕ್ಕೆ ತಿರುಗಿ" ಬಂದಿರುತ್ತದೆ. ವಾಪಸ್ಸಾದವರಿಗೆ ಮೌಖಿಕ ಪರೀಕ್ಷೆ. "ಬ್ರಾಡ್ಗರ್ ಕಲ್ಲಿನ ವೃತ್ತ ಹೇಗಿತ್ತು?" ಎಂದು ಕೇಳಿದರೆ "ತುಂಬಾ ದೊಡ್ಡದಾಗಿತ್ತು" ಅನ್ನುತ್ತಾರೆ ಪಾಪ. "ನೂರಾ ನಾಲ್ಕು ಮೀಟರ್ ಅಡ್ಡಳತೆ," ಎಂದು ತಿದ್ದಿ, ಹೋಗಿಯೂ ಏನೂ ನೋಡಲಿಲ್ಲವಲ್ಲ ಎಂದು ಮರುಗುತ್ತಾನೆ.

ಹಾಳೆ ಕೇಳಿದರೆ ನಿಮಗೂ ಕೊಡುತ್ತಾನೆ, ಸಂಕೋಚಪಡಬೇಡಿ. ಆದರೆ ಒಂದು ಗಮನದಲ್ಲಿರಲಿ. ಬ್ರಾಡ್ಗರ್‌ಗೆ ಟಿಕೆಟ್ ಇಲ್ಲ, ಬುಕಿಂಗ್ ಇಲ್ಲ, ವರ್ಷವಿಡೀ ಯಾರು ಬೇಕಾದರೂ ಹೋಗಿ ನಿಲ್ಲಬಹುದು. ಹಾಗಾಗಿ ಅವನ ಹಾಳೆಯಲ್ಲಿ ಅದಕ್ಕೊಂದು ಸಾಲೇ ಇಲ್ಲ. ನೀವೇ ಸೇರಿಸಿಕೊಳ್ಳಿ.