ಕೆ-ಮ್ಯಾಪ್ ಸುತ್ತುವವರ ಪಂಚವಿಧ ನಿರ್ಣಯ

ಪೀಠಿಕೆ. ಡಿಜಿಟಲ್ ಸರ್ಕ್ಯೂಟನ್ನು ಕುಗ್ಗಿಸಲು ಎಡ್ವರ್ಡ್ ವೀಚ್ 1952ರಲ್ಲಿ ಚೌಕಗಳ ಪಟವೊಂದನ್ನು ಕೊಟ್ಟರು. ಮರುವರ್ಷ ಬೆಲ್ ಲ್ಯಾಬ್ಸ್‌ನ ಮಾರಿಸ್ ಕಾರ್ನೋ ಅದನ್ನು ತಿದ್ದಿದರು, ಅದೇ ಕೆ-ಮ್ಯಾಪ್. ಅದರ ಮೇಲೆ ಪೆನ್ಸಿಲ್ ಆಡಿಸುವವರನ್ನು ಮಾತ್ರ ಇಬ್ಬರೂ ವಿಂಗಡಿಸದೆ ಬಿಟ್ಟರು. ಆ ಲೋಪವನ್ನು ಇಲ್ಲಿ ನೀಗಲಾಗುವುದು.

ವಿಷಯ. ಮೈಲಾಪೂರ್‌ನ ಫ್ಲಾಟೊಂದರಲ್ಲಿ ಕೆಳಗೆ ಸಂಪು, ತಾರಸಿಯಲ್ಲಿ ಟ್ಯಾಂಕು, ನಡುವೆ ಮೋಟರ್. ಸಂಪಿನಲ್ಲಿ ನೀರಿದೆಯೇ (ಸ)? ಟ್ಯಾಂಕಿನ ಮೇಲಿನ ಸೆನ್ಸರ್ ನೆನೆದಿದೆಯೇ (ಮ)? ಕೆಳಗಿನದು (ಕ)? ಮೋಟರ್ ಈಗ ಓಡುತ್ತಿದೆಯೇ (ಓ)? ಹೌದಾದರೆ 1, ಇಲ್ಲವಾದರೆ 0. ಟ್ರೂತ್ ಟೇಬಲ್ಲಿಗೆ 16 ಸಾಲು. ಸಂಪಿನಲ್ಲಿ ನೀರಿದ್ದು ಟ್ಯಾಂಕು ತಳ ಕಂಡಿರುವ ಎರಡು ಸಾಲು, ಅರ್ಧ ತುಂಬಿ ಮೋಟರ್ ಓಡುತ್ತಲೇ ಇರುವ ಒಂದು ಸಾಲು: ಈ ಮೂರಕ್ಕೆ ಉತ್ತರ 1, ಅಂದರೆ ಮೋಟರ್ ಓಡಬೇಕು. ಮೇಲಿನದು ನೆನೆದು ಕೆಳಗಿನದು ಒಣಗಿರುವ ನಾಲ್ಕು ಸಾಲು ಅಸಂಭವ. ಅವಕ್ಕೆ ಎಕ್ಸ್, ಅರ್ಥಾತ್ ಡೋಂಟ್ ಕೇರ್: ಬೇಕಾದರೆ 1 ಎನ್ನಿ, ಬೇಡವಾದರೆ 0. ಮಿಕ್ಕ ಒಂಬತ್ತಕ್ಕೆ 0. ಸಾಲಿಗೊಂದು ಚೌಕದಂತೆ ಇವು ಪಟಕ್ಕೇರುತ್ತವೆ; ನೆರೆಯ 1ಗಳನ್ನು ಒಟ್ಟಿಗೆ ಸುತ್ತಿದಷ್ಟೂ ಉತ್ತರ ಚಿಕ್ಕದು.

ವರ್ಗಗಳು.

ಒಂದು, *ಏಕಾಕಿ*. ಪ್ರತಿ 1ಕ್ಕೂ ಪ್ರತ್ಯೇಕ ಸುತ್ತು ಹಾಕುವವನು. ಉತ್ತರದಲ್ಲಿ 12 ಅಕ್ಷರ.

ಎರಡು, *ತ್ರಿಕೂಟಿ*. ಮೂರನ್ನೂ ಒಂದೇ ಸುತ್ತಿಗೆ ತುರುಕುವವನು. ಸುತ್ತು 1, 2, 4, 8 ಎಂದೇ ಬೆಳೆಯಬೇಕು, ಇವನಿಗೆ ಅಂಕವಿಲ್ಲ.

ಮೂರು, *ಗಡಿಭೀರು*. ಅಂಚು ಕಂಡರೆ ನಿಲ್ಲುವವನು. ಮ, ಕ ಜೋಡಿಯ ಕಂಬಗಳು 00, 01, 11, 10 ಎಂಬ ಗ್ರೇ ಕೋಡ್ ಕ್ರಮದಲ್ಲಿರುತ್ತವೆ; ಹೆಜ್ಜೆಗೆ ಒಂದೇ ಅಂಕಿ ಬದಲು. ಕೊನೆಯ 10ರಿಂದ ಮೊದಲ 00ಕ್ಕೂ ಅಷ್ಟೇ, ಆದ್ದರಿಂದ ಅವೂ ನೆರೆಹೊರೆ. ಮೈಲಾಪೂರಿನ ಕಪಾಲೀಶ್ವರನ ತೇರು ಗುಡಿಯ ಸುತ್ತಲಿನ ಮಾಡ ಬೀದಿಗಳನ್ನು ಸುತ್ತಿ ಹೊರಟಲ್ಲಿಗೇ ಬರುವುದನ್ನು ವರ್ಷವರ್ಷ ನೋಡಿಯೂ ಇವನಿಗದು ಹೊಳೆದಿಲ್ಲ. ಅವನ ಉತ್ತರ: ಸ·ಮ′·ಕ′ + ಸ·ಮ′·ಓ, ಆರು ಅಕ್ಷರ. ಚುಕ್ಕಿಗೆ ‘ಮತ್ತು’, ಕೂಡುಗುರುತಿಗೆ ‘ಅಥವಾ’, ಗೀಟಿಗೆ ‘ಅಲ್ಲ’ ಎಂದರ್ಥ.

ನಾಲ್ಕು, *ಲೋಭಿ*. ಅಂಚು ದಾಟಿ ಎರಡು ಎಕ್ಸ್‌ಗಳನ್ನು ಬಾಚಿ ನಾಲ್ಕರ ಸುತ್ತು ಕಟ್ಟುವವನು: ಸ·ಕ′ + ಸ·ಮ′·ಓ. ಐದೇ ಅಕ್ಷರ; ಪರೀಕ್ಷೆಯಲ್ಲಿ ಪೂರ್ಣಾಂಕ.

ಐದು, *ಸಾವಧಾನಿ*. ಅಂಚು ದಾಟಬಲ್ಲ, ದಾಟುವುದಿಲ್ಲ. ಉತ್ತರ ಗಡಿಭೀರುವಿನದೇ, ಒಬ್ಬನದು ಭಯ, ಇನ್ನೊಬ್ಬನದು ವಿವೇಕ.

ಆಕ್ಷೇಪ. ಒಂದಕ್ಷರ ದುಂದಾಯಿತಲ್ಲ?

ಸಮಾಧಾನ. ಕೆಳಗಿನ ಸೆನ್ಸರಿನ ತಂತಿ ಕಳಚಿತೆನ್ನಿ. ನೀರೊಳಗೇ ಇದ್ದು ‘ಒಣಗಿದೆ’ ಎನ್ನುತ್ತದೆ. ಅಸಂಭವ ಸಾಲು ಸಂಭವಿಸಿಯೇ ಬಿಡುತ್ತದೆ. ಟ್ಯಾಂಕು ತುಂಬಿತೆಂದು ಮೇಲಿನದು ಬೊಬ್ಬೆ ಹೊಡೆದರೂ ಲೋಭಿಯ ಮೋಟರ್ ನಿಲ್ಲದು; ಮೊದಲ ಪದದಿಂದ ಅದರ ಅಕ್ಷರವನ್ನೇ ಅಳಿಸಿಯಾಗಿದೆ. ಸಂಪು ಬರಿದಾಗುವ ತನಕ ತಾರಸಿಗೆ ಅಭಿಷೇಕ. ಉಳಿತಾಯವಾದರೂ ನಿಂತಿತೇ? ಸಮಾನ ಅಂಶವನ್ನು ಹೊರತೆಗೆದರೆ ಸಾವಧಾನಿಯದು ಸ·ಮ′·(ಕ′ + ಓ), ಲೋಭಿಯದು ಸ·(ಕ′ + ಮ′·ಓ). ಎರಡರಲ್ಲೂ ನಾಲ್ಕೇ ಅಕ್ಷರ.

ನಿರ್ಣಯ. ಎಕ್ಸ್ ಎಂಬುದೇ ದ್ವಿವಿಧ: ನಡೆದರೂ ನಷ್ಟವಿಲ್ಲದ್ದು, ನಡೆದರೆ ಪಕ್ಕದ ಫ್ಲಾಟಿನವರು ಬಾಗಿಲು ಬಡಿಯುವಂಥದ್ದು. ಮೊದಲನೆಯದನ್ನು ಧಾರಾಳವಾಗಿ ಬಾಚಿಕೊಳ್ಳಿ. ಎರಡನೆಯದರಲ್ಲಿ ಪೆನ್ಸಿಲ್ ಹಿಡಿಯುವ ಮೊದಲೇ 0 ಬರೆದುಬಿಡಿ.